ಓದುಗರ ಪ್ರಶ್ನೆ: ಪ್ರೆಪ್ ತಗೊಂಡರೆ ಲಗಾಮು ತಪ್ಪುತ್ತಾ?

“ಸರ್, ನಾನು ಅಂಥವನಲ್ಲ. ವರ್ಷಕ್ಕೆ ನಾಲ್ಕೈದು ಸಲ, ಗಂಡಸರ ಜೊತೆ. ಪ್ರೆಪ್ ಶುರು ಮಾಡಿದರೆ ಲಗಾಮೇ ತಪ್ಪಿಹೋಗುತ್ತೇನೋ ಅಂತ ಭಯ. ತಗೊಳ್ಳಲಾ, ಬೇಡವಾ?”

ಪ್ರೆಪ್ ಅಂದರೆ ಎಚ್‌ಐವಿ ಇಲ್ಲದವರು ಅದು ತಗುಲದಂತೆ ಮೊದಲೇ ನುಂಗುವ ಮಾತ್ರೆ. ಅದರ ಬಗ್ಗೆ ಈ ತಿಂಗಳಲ್ಲಿ ಇದು ಏಳನೆಯ ಪತ್ರ. ಊರು ಬೇರೆ, ವಯಸ್ಸು ಬೇರೆ, ಒಬ್ಬರಿಗೆ ಮದುವೆಯಾಗಿ ಇಬ್ಬರು ಮಕ್ಕಳು. ಮೊದಲ ಸಾಲು ಮಾತ್ರ ಎಲ್ಲರದ್ದೂ ಒಂದೇ: ನಾನು ಅಂಥವನಲ್ಲ. ಅಂಥವನು ಯಾರಪ್ಪಾ ಹಾಗಾದರೆ? ಇಷ್ಟು ವರ್ಷ ಕೌನ್ಸೆಲಿಂಗ್ ಕುರ್ಚಿಯಲ್ಲಿ ಕೂತಿದ್ದೇನೆ, “ನಾನೇ ಸಾರ್ ಅವನು” ಅಂತ ಬಂದವರನ್ನು ಇನ್ನೂ ಕಂಡಿಲ್ಲ.

ಉತ್ತರ: ತಗೊಳ್ಳಬಹುದು. ಮೊದಲು ಎಚ್‌ಐವಿ ನೆಗೆಟಿವ್ ಅಂತ ಖಾತ್ರಿಯಾಗಬೇಕು. ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ), ಹೆಪಟೈಟಿಸ್ ಬಿ ನೋಡಿಸಬೇಕು. ಆಮೇಲೆ ಮೂರು ತಿಂಗಳಿಗೊಮ್ಮೆ ಪರೀಕ್ಷೆ. ವರ್ಷಕ್ಕೆ ನಾಲ್ಕೈದು ಸಲ ಅನ್ನುವವರು ದಿನಾ ನುಂಗಲೇಬೇಕೆಂದಿಲ್ಲ. 2-1-1 ಲೆಕ್ಕ ಇದೆ: ಸೇರುವ 2ರಿಂದ 24 ಗಂಟೆ ಮೊದಲು ಎರಡು ಮಾತ್ರೆ, ಆ ಎರಡು ನುಂಗಿದ 24 ಗಂಟೆಗೆ ಒಂದು, 48ಕ್ಕೆ ಇನ್ನೊಂದು. ಗಂಡಸರ ಜೊತೆ ಸೇರುವ ಗಂಡಸರಿಗೆ ಇದು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಹೆಪಟೈಟಿಸ್ ಬಿ ಇದ್ದವರಿಗೆ ಈ ಲೆಕ್ಕ ಬೇಡ. ಹೆಂಡತಿಗೂ ಇದೇ ಲೆಕ್ಕ ಹೇಳಿಕೊಡಬೇಡಿ, ಹೆಂಗಸರಿಗೆ ದಿನದ ಮಾತ್ರೆಯೇ ಬೇಕು. ಇದನ್ನೆಲ್ಲ ವೈದ್ಯರ ಮುಂದೆ ಕೂತು ತೀರ್ಮಾನಿಸಿ.

ಈಗ ಆ ಲಗಾಮಿನ ವಿಷಯಕ್ಕೆ ಬರೋಣ. ಇದು ನಮ್ಮೂರಿನ ಮಡಿವಂತಿಕೆ ಅಂದುಕೊಳ್ಳಬೇಡಿ. 2012ರ ಜುಲೈನಲ್ಲಿ ಅಮೆರಿಕ ಟ್ರುವಾಡಾ ಅನ್ನುವ ಮಾತ್ರೆಯನ್ನು ಪ್ರೆಪ್ ಆಗಿ ಬಳಸಲು ಒಪ್ಪಿಗೆ ಕೊಟ್ಟಿತು. ಅದೇ ವರ್ಷ ‘ಟ್ರುವಾಡಾ ಸೂಳೆ’ ಅನ್ನುವ ಬೈಗುಳ ಅಚ್ಚಾಯಿತು. ಬರೆದವರು ಪಾದ್ರಿಯಲ್ಲ, ಸ್ವತಃ ಗೇ ಪತ್ರಕರ್ತ! ಮುಂದೆ ಅವರೇ ಮಾತು ಹಿಂದಕ್ಕೆ ತಗೊಂಡರು. ಹುಡುಗರು ಅದೇ ಬೈಗುಳವನ್ನು ಟೀ ಶರ್ಟಿನ ಮೇಲೆ ಬರೆಸಿಕೊಂಡು ಓಡಾಡಿದರು. 1960ರಲ್ಲಿ ಗರ್ಭನಿರೋಧಕ ಮಾತ್ರೆ ಬಂದಾಗ ಹೆಂಗಸರ ಮೇಲೆ ಹೊರಿಸಿದ ಮಾತೇ ಇದು. ಹೊರುವವರು ಬದಲಾದರು, ಅಷ್ಟೇ.

ಬೈಗುಳ ಬಿಡಿ, ಲೆಕ್ಕ ನೋಡಿ. ಇಂಗ್ಲೆಂಡಿನಲ್ಲಿ ಪ್ರೌಡ್ ಅನ್ನುವ ಅಧ್ಯಯನ ನಡೆಯಿತು. ಫಲಿತಾಂಶ ಪ್ರಕಟವಾದದ್ದು 2015ರಲ್ಲಿ. 544 ಜನ ಸೇರಿದರು. ಅರ್ಧ ಜನಕ್ಕೆ ಕೂಡಲೇ ಮಾತ್ರೆ, ಉಳಿದವರಿಗೆ ವರ್ಷದ ನಂತರ. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಒಂದಿದೆ: ಇಲ್ಲಿ ಸುಳ್ಳು ಮಾತ್ರೆಯೇ ಇರಲಿಲ್ಲ. ಹಿಂದಿನ ಪ್ರಯೋಗಗಳಲ್ಲಿ ನುಂಗಿದ್ದು ಔಷಧವೋ ಬರೀ ಹಿಟ್ಟೋ ಅಂತ ನುಂಗಿದವನಿಗೇ ಗೊತ್ತಿರುತ್ತಿರಲಿಲ್ಲ. ಇಲ್ಲಿ ಪ್ರತಿಯೊಬ್ಬನಿಗೂ ಗೊತ್ತಿತ್ತು, ತನಗೆ ರಕ್ಷಣೆ ಇದೆಯೋ ಇಲ್ಲವೋ ಅಂತ. ಲಗಾಮು ತಪ್ಪುವುದಿದ್ದರೆ ಇಲ್ಲೇ ತಪ್ಪಬೇಕಿತ್ತು ತಾನೇ? ಸಿಫಿಲಿಸ್, ಗೊನೊರಿಯಾದಂಥ ಲೈಂಗಿಕ ಸೋಂಕುಗಳನ್ನೆಲ್ಲ ಎಣಿಸಿದರು. ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಎಚ್‌ಐವಿ ಮಾತ್ರ ಮಾತ್ರೆ ಇದ್ದವರಲ್ಲಿ 3 ಜನಕ್ಕೆ, ಕಾಯುತ್ತಿದ್ದವರಲ್ಲಿ 20 ಜನಕ್ಕೆ. ಇನ್ನು ಕಾಯಿಸುವುದು ಸರಿಯಲ್ಲ ಅಂತ ಎಲ್ಲರಿಗೂ ಮಾತ್ರೆ ಕೊಟ್ಟುಬಿಟ್ಟರು.

ಪೂರ್ತಿ ಸತ್ಯವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಎಂಟನೆಯ ಪತ್ರ ಬರುತ್ತದೆ. ಪ್ರೆಪ್ ಹರಡಿದ ಮೇಲೆ ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಕಾಂಡೋಮ್ ಬಳಕೆ ಕಡಿಮೆಯಾಯಿತು, ನಿಜ. ಆದರೆ ಸಿಡ್ನಿ ಇರುವ ರಾಜ್ಯದಲ್ಲಿ ಹೊಸ ಎಚ್‌ಐವಿ ಪ್ರಕರಣಗಳೂ ಇಳಿದವು. ಸಿಫಿಲಿಸ್ ಬಂದರೆ ಮೂರು ತಿಂಗಳ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ, ಪೆನಿಸಿಲಿನ್‌ಗೆ ಹೋಗುತ್ತದೆ. “ಅಂಥವನಲ್ಲ” ಅನ್ನುವವನು ಪರೀಕ್ಷೆಗೇ ಬರುವುದಿಲ್ಲವಲ್ಲ, ನನ್ನ ತಲೆನೋವು ಅದು.

ನಮ್ಮಲ್ಲಿ ಇನ್ನೊಂದು ಭಯವೂ ಸೇರಿಕೊಂಡಿದೆ. ಡಬ್ಬಿಯ ಮೇಲಿನ ಹೆಸರನ್ನು ತಂಗಿ ಗೂಗಲ್ ಮಾಡಿದರೆ ‘ಎಚ್‌ಐವಿ ಔಷಧ’ ಅಂತಲೇ ಬರುತ್ತದೆ. ಒಬ್ಬ ಹುಡುಗ ವಿಟಮಿನ್ ಡಬ್ಬಿಗೆ ಸುರಿದಿಟ್ಟುಕೊಂಡಿದ್ದ. ಒಂದು ದಿನ ಅವನ ಅಪ್ಪ, ಸುಸ್ತು ಅಂತ, ಅದರಿಂದ ಎರಡು ನುಂಗಿದರಂತೆ. ಅಪ್ಪನಿಗೆ ಏನೂ ಆಗಲಿಲ್ಲ. ಹುಡುಗನಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಮೂಲ ಡಬ್ಬಿಯಲ್ಲೇ ಇಡಿ, ಬೀಗ ಹಾಕಿ. ಅಂದಹಾಗೆ ದೇಶದಲ್ಲಿ ಮೊದಮೊದಲು ಪ್ರೆಪ್ ಪ್ರಯತ್ನಿಸಿದವರಲ್ಲಿ ನಮ್ಮ ಮೈಸೂರಿನ ಆಶೋದಯ ಸಂಘಟನೆಯ ಲೈಂಗಿಕ ಕಾರ್ಯಕರ್ತೆಯರೂ ಇದ್ದಾರೆ. ಆ ಯೋಜನೆಯಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ. ಅವರು ಮಾಡಿ ತೋರಿಸಿದ್ದಕ್ಕೆ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ಹಿಂದೆಮುಂದೆ ನೋಡುತ್ತಿದ್ದಾರೆ.

ಯಾರೂ ಕೇಳದ ಒಂದು ಪ್ರಶ್ನೆ ಉಳಿಯಿತು. ಗೆಳೆಯ ಪಾಸಿಟಿವ್, ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ ಮಾತ್ರೆ) ಬಿಡದೆ ತಗೊಳ್ಳುತ್ತಾನೆ, ರಕ್ತದಲ್ಲಿನ ವೈರಸ್ ಪ್ರಮಾಣ (ವೈರಲ್ ಲೋಡ್) ಪತ್ತೆಯಾಗದ ಮಟ್ಟದಲ್ಲಿದೆ. ಅವನೊಬ್ಬನ ಜೊತೆಗಷ್ಟೇ ಇರುವವನಿಗೆ ಪ್ರೆಪ್ ಬೇಕೇ? ಬೇಡ. 2019ರಲ್ಲಿ ಪ್ರಕಟವಾದ ಪಾರ್ಟ್‌ನರ್ ಅಧ್ಯಯನದಲ್ಲಿ ಇಂಥ 782 ಗೇ ಜೋಡಿಗಳಿದ್ದರು. ಸುಮಾರು 76,000 ಸಲ ಕಾಂಡೋಮ್ ಇಲ್ಲದೆ ಕೂಡಿದರೂ ಸಂಗಾತಿಯಿಂದ ಹರಡಿದ್ದು ಸೊನ್ನೆ. 15 ಜನಕ್ಕೆ ಸೋಂಕು ಬಂತು, ಆದರೆ ವೈರಸ್ಸಿನ ವಂಶ ಹುಡುಕಿದಾಗ ಅದು ಮನೆಯ ಸಂಗಾತಿಯದ್ದಲ್ಲ, ಹೊರಗಿನದ್ದು.

ಇದನ್ನು ಹೇಳಿದ ಮೇಲೂ ಒಂದು ಜೋಡಿ ಎಆರ್‌ಟಿ, ಪ್ರೆಪ್ ಎರಡು ಡಬ್ಬಿಯನ್ನೂ ಫ್ರಿಜ್ ಮೇಲೆ ಅಕ್ಕಪಕ್ಕ ಇಟ್ಟುಕೊಂಡಿದೆ. ಎರಡರಲ್ಲೂ ಟೆನೊಫೊವಿರ್ ಅನ್ನುವ ಒಂದೇ ಔಷಧ ಇದೆ ಅಂತ ತೋರಿಸಿದೆ. “ಗೊತ್ತು ಸಾರ್, ಅವನೊಬ್ಬನೇ ನುಂಗೋದು ನೋಡಕ್ಕಾಗಲ್ಲ” ಅಂದ ನೆಗೆಟಿವ್ ಹುಡುಗ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಕ್ರಿಯಾಟಿನಿನ್ ಪರೀಕ್ಷೆಯ ದಿನಾಂಕ ಬರೆದುಕೊಟ್ಟೆ.