ಮಾರಿಯೋನ ಮೊದಲ ಸ್ಟೇಜ್ ಮರೆಯೋದಿಲ್ಲ ಯಾಕೆ?

ಎಸ್ಸೆಸ್ಸೆಲ್ಸಿಯಲ್ಲಿ ಓದಿದ ತ್ರಿಕೋನಮಿತಿ ಪೂರ್ತಿ ಹಾರಿಹೋಗಿರುತ್ತದೆ. ಆದರೆ ನಲವತ್ತರ ಆಸುಪಾಸಿನಲ್ಲಿರುವ ಯಾರನ್ನಾದರೂ ಕೇಳಿ ನೋಡಿ, ಸೂಪರ್ ಮಾರಿಯೋ ವಿಡಿಯೋ ಗೇಮಿನ ಮೊದಲ ಸ್ಟೇಜ್ ಹೇಗಿತ್ತು ಅಂತ. ಎದುರಿನಿಂದ ಕಂದು ಬಣ್ಣದ ಗೊಂಬೆಯೊಂದು ತೆವಳಿಕೊಂಡು ಬರುತ್ತದೆ. ಮೇಲೆ ಪ್ರಶ್ನಾರ್ಥಕ ಚಿಹ್ನೆಯ ಡಬ್ಬಿ. ಗುದ್ದಿದರೆ ಅಣಬೆ ಹೊರಬಂದು ಬಲಕ್ಕೆ ಓಡಿ, ಹಸಿರು ಪೈಪಿಗೆ ಬಡಿದು, ವಾಪಸ್ ನಮ್ಮ ಕಡೆಗೇ ಬರುತ್ತದೆ. ನಾಲ್ಕನೇ ಪೈಪಿನೊಳಗೆ ಇಳಿದರೆ ನಾಣ್ಯಗಳ ಕೋಣೆ. ಮೊದಲ ಗುಂಡಿಗಿಂತ ಸ್ವಲ್ಪ ಮುಂಚೆ, ಏನೂ ಇಲ್ಲದ ಜಾಗದಲ್ಲಿ ಜಿಗಿದರೆ ಕಾಣದ ಡಬ್ಬಿಯೊಂದು ಟಣ್ ಎಂದು ಹುಟ್ಟಿ ಒಂದು ಲೈಫ್ ಜಾಸ್ತಿ ಕೊಡುತ್ತದೆ. ಕೊನೆಗೆ ಮೆಟ್ಟಿಲು, ಬಾವುಟದ ಕಂಬ. ಇದನ್ನು ಯಾರೂ ಕೂತು ಬಾಯಿಪಾಠ ಮಾಡಿರಲಿಲ್ಲ.

"ಬಾಲ್ಯದ ನೆನಪು ಅಂದ್ರೆ ಹಾಗೇ, ಸಿಹಿ" ಎಂದು ತೇಲಿಸಿಬಿಡುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು. ಸಿಹಿಯೇ ಕಾರಣವಾಗಿದ್ದರೆ ಎಂಟನೇ ಲೋಕದ ಕೊನೆಯ ಕೋಟೆ ಎಲ್ಲಕ್ಕಿಂತ ಚೆನ್ನಾಗಿ ನೆನಪಿರಬೇಕಿತ್ತು. ಅಲ್ಲಿ ಗೆದ್ದಾಗ ಆಗುವಷ್ಟು ಖುಷಿ ಮೊದಲ ಸ್ಟೇಜಿನಲ್ಲಿ ಆಗುತ್ತಾ? ಆದರೂ ಆ ಕೋಟೆಯ ದಾರಿ ಹೇಳಿ ಅಂದರೆ ಬಹಳ ಜನ ತಡವರಿಸುತ್ತಾರೆ. ಹಾಗಾಗಿ ಉತ್ತರವನ್ನು ಖುಷಿಯಲ್ಲಿ ಹುಡುಕುವ ಮೊದಲು ಆ ಆಟದ ಮಶೀನಿನಲ್ಲೇ ಹುಡುಕೋಣ.

ಸೂಪರ್ ಮಾರಿಯೋ ಬ್ರದರ್ಸ್ ಜಪಾನಿನಲ್ಲಿ ಬಿಡುಗಡೆಯಾಗಿದ್ದು 1985ರ ಸೆಪ್ಟೆಂಬರ್ 13ರಂದು, ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಮಶೀನಿಗೆ. ಆಟ ಕಟ್ಟಿದವರು ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ, ಸಂಗೀತ ಕೋಜಿ ಕೊಂಡೊ ಅವರದು. ಇಡೀ ಆಟ ಕೂತಿದ್ದು 40 ಕಿಲೋಬೈಟಿನಲ್ಲಿ. ಜಾಗ ಎಷ್ಟು ಕಡಿಮೆ ಅಂದರೆ, ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ. ಬಣ್ಣ ಮಾತ್ರ ಬೇರೆ. ಮುಂದಿನ ಸಲ ಗಮನಿಸಿ ನೋಡಿ.

ನಮ್ಮ ಮನೆಗಳಿಗೆ ಫ್ಯಾಮಿಕಾಮ್ ಬರಲಿಲ್ಲ. ಬಂದಿದ್ದು ಅದರ ನಕಲುಗಳು. ಬೆಂಗಳೂರಿನವರಾದರೆ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿಗೆ ಹೋಗಿ ತರಬೇಕಿತ್ತು. ಉಳಿದವರಿಗೆ ಬೇಸಿಗೆ ರಜೆಗೆ ಬಂದ ಚಿಕ್ಕಪ್ಪನೋ ಮಾವನೋ ತಂದುಕೊಡಬೇಕಿತ್ತು. ಆಟ ಬರುತ್ತಿದ್ದ ಹಳದಿ ಡಬ್ಬಿಗೆ ನಾವು ಹೇಳುತ್ತಿದ್ದುದು ಕ್ಯಾಸೆಟ್ ಅಂತಲೇ. ಮೇಲೆ "9999 ಇನ್ 1" ಎಂದು ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದವು ಕೈಬೆರಳೆಣಿಕೆಯ ಆಟಗಳು, ಅವನ್ನೇ ಹೆಸರು ಬದಲಿಸಿ ಸಾಲಾಗಿ ನಿಲ್ಲಿಸಿರುತ್ತಿದ್ದರು.

ಈಗ ಮುಖ್ಯ ವಿಷಯ. ಮಾರಿಯೋದಲ್ಲಿ ಆಟವನ್ನು ಸೇವ್ ಮಾಡಿಡುವ ವ್ಯವಸ್ಥೆಯೇ ಇರಲಿಲ್ಲ. ಮೂರು ಲೈಫ್ ಮುಗಿದರೆ ಮತ್ತೆ ಮೊದಲ ಸ್ಟೇಜ್. ಕರೆಂಟ್ ಹೋದರೂ ಮೊದಲ ಸ್ಟೇಜ್. ವಾರ್ತೆ ನೋಡಬೇಕು ಅಂತ ಅಪ್ಪ ಸ್ವಿಚ್ ಆರಿಸಿದರೂ ಅಷ್ಟೇ. ಎ ಬಟನ್ ಒತ್ತಿಹಿಡಿದು ಸ್ಟಾರ್ಟ್ ಒತ್ತಿದರೆ ಸತ್ತ ಲೋಕದ ಶುರುವಿನಿಂದಲೇ ಆಡಬಹುದಿತ್ತು, ನಿಜ. ಆದರೆ ಅದನ್ನು ಹೇಳುವ ಪುಸ್ತಕ ನಕಲು ಮಶೀನಿನ ಜೊತೆ ಎಲ್ಲಿ ಬರಬೇಕು? ಹಾಗಾಗಿ ಎಂಟನೇ ಲೋಕವನ್ನು ಒಂದು ಸಲ ನೋಡುವಷ್ಟರಲ್ಲಿ ಮೊದಲನೆಯದನ್ನು ಲೆಕ್ಕವಿಲ್ಲದಷ್ಟು ಸಲ ದಾಟಿರುತ್ತಿದ್ದೆವು.

ಅದೂ ಒಂದೇ ದಿನ ಕೂತಲ್ಲ. ಭಾನುವಾರ ಒಂದಷ್ಟು ಹೊತ್ತು, ಮತ್ತೆ ಮುಂದಿನ ಭಾನುವಾರ. ಪರೀಕ್ಷೆ ಬಂದರೆ ಮಶೀನು ಬೀರುವಿನಲ್ಲಿ, ಕೀಲಿ ಅಮ್ಮನ ಹತ್ತಿರ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರುಹೊಡೆದು, ತನ್ನ ಮರೆವನ್ನು ತಾನೇ ಅಳೆದು, 1885ರಲ್ಲಿ ಫಲಿತಾಂಶ ಪ್ರಕಟಿಸಿದ. ಒಂದೇ ಸಲ ಕೂತು ತಿರುವುವುದಕ್ಕಿಂತ ನಡುನಡುವೆ ದಿನಗಳ ಬಿಡುವು ಕೊಟ್ಟು ತಿರುವಿದರೆ ಕಡಿಮೆ ಸಲಕ್ಕೇ ನೆನಪು ಗಟ್ಟಿಯಾಗುತ್ತದೆ ಎಂದು ಅವನಿಗೆ ಕಂಡಿತು. ಆಟ ನಿಲ್ಲಿಸಲಿ ಅಂತ ಅಮ್ಮ ಹಾಕಿದ ಬೀಗ ನೆನಪನ್ನು ಗಟ್ಟಿ ಮಾಡುವ ಕೆಲಸವನ್ನೇ ಮಾಡಿತು!

ಆದರೆ ಯಾವ ನೆನಪು? ಮೆದುಳಿನಲ್ಲಿ ನೆನಪು ಅನ್ನುವ ಒಂದೇ ಉಗ್ರಾಣ ಇಲ್ಲ. ಇದು ಗೊತ್ತಾದ ಕಥೆ ದುಃಖದ್ದು. ಅಮೆರಿಕದ ಹೆನ್ರಿ ಮೊಲೈಸನ್‌ಗೆ ತೀವ್ರವಾದ ಮೂರ್ಛೆರೋಗ. 1953ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಮೆದುಳಿನ ಎರಡೂ ಬದಿಯ ಹಿಪ್ಪೋಕ್ಯಾಂಪಸ್ಸಿನ ಬಹುಭಾಗ ತೆಗೆದುಹಾಕಿದರು. ಅಲ್ಲಿಂದ ಮುಂದೆ ಆತನಿಗೆ ಹೊಸ ನೆನಪು ನಿಲ್ಲಲೇ ಇಲ್ಲ. ಮಾತಾಡಿ ಎದ್ದುಹೋದ ವೈದ್ಯರು ಸ್ವಲ್ಪ ಹೊತ್ತಿಗೆ ವಾಪಸ್ ಬಂದರೆ ಅಪರಿಚಿತರು. ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಆತನಿಗೆ ಕನ್ನಡಿಯಲ್ಲಿ ಮಾತ್ರ ಕೈ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರು. ಮೊದಮೊದಲು ಎಲ್ಲರ ಹಾಗೆ ಆತನದೂ ಸೊಟ್ಟ. ಮೂರನೇ ದಿನಕ್ಕೆ ಗೆರೆ ಸಲೀಸಾಗಿ ಬಂತು. ಆದರೆ ಇದನ್ನು ಮುಂಚೆ ಮಾಡಿದ ನೆನಪು ಮಾತ್ರ ಆತನಿಗೆ ಒಂಚೂರೂ ಇರಲಿಲ್ಲ. ತಲೆ ಮರೆತಿತ್ತು, ಕೈ ಕಲಿತಿತ್ತು.

ನಿಮ್ಮ ಅಜ್ಜಿಯನ್ನು ದೊಡ್ಡ ರಂಗೋಲಿಯ ಎಳೆ ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಹೋಗುತ್ತದೆ ಎಂದು ಬಾಯಲ್ಲಿ ಹೇಳಲು ಕೇಳಿ. "ತಾಳಪ್ಪ, ಹಾಕಿ ತೋರಿಸ್ತೀನಿ" ಅನ್ನುತ್ತಾರೆ. ಮಾರಿಯೋದ ಜಿಗಿತವೂ ಈ ಜಾತಿಯದೇ. ಎ ಬಟನ್ನನ್ನು ಎಷ್ಟು ಹೊತ್ತು ಒತ್ತಿಹಿಡಿಯುತ್ತೀರೋ ಅಷ್ಟು ಎತ್ತರ ಜಿಗಿಯುತ್ತಾನೆ. ಬಿ ಒತ್ತಿ ಓಡುತ್ತಾ ಜಿಗಿದರೆ ಇನ್ನೂ ದೂರ. ನೆಲಕ್ಕೆ ಬಿದ್ದ ಮೇಲೆ ಸ್ವಲ್ಪ ಜಾರುತ್ತಾನೆ. ಮೂರನೇ ಪೈಪಿನ ಮೇಲೆ ಹತ್ತಲು ಎಷ್ಟು ಹೊತ್ತು ಒತ್ತಬೇಕು? ಯಾರಿಗೂ ಹೇಳಲು ಬರುವುದಿಲ್ಲ, ಆದರೆ ಹೆಬ್ಬೆರಳು ಸರಿಯಾಗಿ ಒತ್ತುತ್ತದೆ.

ಹೆಬ್ಬೆರಳು ಕಲಿಯುವುದು ಹೇಗೆ ಅನ್ನುವುದು ನನಗೆ ತುಂಬಾ ಇಷ್ಟದ ಭಾಗ. 1990ರ ದಶಕದಲ್ಲಿ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಮತ್ತು ಸಂಗಡಿಗರು ಕೋತಿಗಳ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಸೂಸುವ ನರಕೋಶಗಳ ಮಿಡಿತ ದಾಖಲಿಸಿದರು. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಆ ಕೋಶಗಳು ಜೋರಾಗಿ ಮಿಡಿದವು. ರಸಕ್ಕೆ ಮುಂಚೆ ಪ್ರತಿ ಸಲ ಒಂದು ಸೂಚನೆ ಕೊಡುತ್ತಾ ಹೋದರೆ, ಕೊನೆಗೆ ಮಿಡಿತ ರಸದಿಂದ ಸೂಚನೆಗೆ ಜಾರಿತು. ಸೂಚನೆ ಬಂದೂ ರಸ ಬಾರದಿದ್ದರೆ? ರಸ ಬರಬೇಕಿದ್ದ ಆ ಗಳಿಗೆಗೇ ಮಿಡಿತ ಕುಸಿಯಿತು. ಅಂದರೆ ಡೋಪಮೈನ್ ಸುಮ್ನೆ ಖುಷಿಯ ರಸವಲ್ಲ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ಎಷ್ಟು ವ್ಯತ್ಯಾಸ ಅನ್ನುವುದರ ಲೆಕ್ಕ ಅದು.

ಇದನ್ನು ಗುಂಡಿಯ ಅಂಚಿನಲ್ಲಿ ಇಟ್ಟು ನೋಡಿ. ಜಿಗಿಯುತ್ತೀರಿ, ದಾಟುತ್ತೇನೆ ಅಂದುಕೊಂಡಿರುತ್ತೀರಿ, ಬೀಳುತ್ತೀರಿ. ಲೆಕ್ಕ ಕೆಳಗೆ. ಆಗ ಒತ್ತಿದ ರೀತಿಗೆ ಮೆದುಳಿನ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಬೆಲೆ ಸ್ವಲ್ಪ ಇಳಿಯುತ್ತದೆ. ಮುಂದಿನ ಸಲ ಚೂರು ಜಾಸ್ತಿ ಒತ್ತುತ್ತೀರಿ, ದಾಟುತ್ತೀರಿ. ಲೆಕ್ಕ ಮೇಲೆ, ಬೆಲೆ ಏರಿತು. ಮಾರಿಯೋ ಈ ಲೆಕ್ಕವನ್ನು ತಕ್ಷಣ ಕೊಡುತ್ತದೆ, ಇದೇ ಅದರ ಜಾಣತನ. ಶಾಲೆಯಲ್ಲಿ ಬರೆದ ಉತ್ತರ ಸರಿಯೋ ತಪ್ಪೋ ಗೊತ್ತಾಗಲು ಹದಿನೈದು ದಿನ ಬೇಕು. ಇಲ್ಲಿ ಅರ್ಧ ಸೆಕೆಂಡು ಸಾಕು. 1998ರಲ್ಲಿ ಲಂಡನ್ನಿನ ಸಂಶೋಧಕರು ಟ್ಯಾಂಕ್ ಓಡಿಸುವ ವಿಡಿಯೋ ಗೇಮ್ ಆಡುತ್ತಿದ್ದವರ ಮೆದುಳನ್ನು ಪೆಟ್ ಸ್ಕ್ಯಾನಿನಲ್ಲಿ ನೋಡಿದಾಗ ಇದೇ ಸ್ಟ್ರಯೇಟಮ್‌ನಲ್ಲಿ ಡೋಪಮೈನ್ ಬಿಡುಗಡೆಯಾಗುವ ಕುರುಹು ಸಿಕ್ಕಿತು.

ಈ ಯಂತ್ರಕ್ಕೆ ಒಂದು ದೋಷವಿದೆ. ಫಲ ಬರುವ ಮೊದಲು ಏನು ಮಾಡಿದೆವು ಅನ್ನುವುದನ್ನು ಅದು ನೋಡುತ್ತದೆ. ಅದರಿಂದಲೇ ಫಲ ಬಂತಾ ಅಂತ ವಿಚಾರಿಸುವುದಿಲ್ಲ. ಜಿಗಿಯುವಾಗ ಆಟದ ಬಟನ್ನುಗಳಿರುವ ಇಡೀ ರಿಮೋಟನ್ನೇ ಮೇಲಕ್ಕೆತ್ತಿ, ಜೊತೆಗೆ ಭುಜವನ್ನೂ ಎತ್ತುತ್ತಿದ್ದೆವಲ್ಲ, ಅದು ಇದರ ಫಲ ಅಂತ ನನ್ನ ಗುಮಾನಿ. ಇನ್ನು ಕ್ಯಾಸೆಟ್ ಊದುವುದು. ಪರದೆಯ ಮೇಲೆ ಕಸಿವಿಸಿ ಬಂದರೆ ಕ್ಯಾಸೆಟ್ ಕಿತ್ತು, ತಳದಲ್ಲಿರುವ ತಾಮ್ರದ ಪಟ್ಟಿಗಳಿಗೆ ಫೂ ಎಂದು ಊದಿ, ಮತ್ತೆ ಸಿಕ್ಕಿಸಿದರೆ ಆಟ ಓಡುತ್ತಿತ್ತು. ಭೂಮಂಡಲದ ಮಕ್ಕಳೆಲ್ಲ ಯಾರೂ ಹೇಳಿಕೊಡದೆ ಇದನ್ನೇ ಮಾಡುತ್ತಿದ್ದರು. ಕೆಲಸ ಮಾಡುತ್ತಿದ್ದುದು ಊದಿದ್ದಲ್ಲ, ಕಿತ್ತು ಸಿಕ್ಕಿಸಿದ್ದು. ಆ ಪಟ್ಟಿಗಳ ಮೇಲೆ ಕೂತ ಕಿಲುಬು, ಕೊಳೆ ಸಿಕ್ಕಿಸುವಾಗ ಉಜ್ಜಿಕೊಂಡು ಹೋಗಿ ಸಂಪರ್ಕ ಸರಿಯಾಗುತ್ತಿತ್ತು. ಬಾಯಿಯ ತೇವ ಕಿಲುಬನ್ನು ಹೆಚ್ಚಿಸುತ್ತಿತ್ತು ಅಷ್ಟೇ. ಊದಬೇಡಿ ಎಂದು ನಿಂಟೆಂಡೊ ಕಂಪನಿಯೇ ಹೇಳಿತ್ತು. ಯಾರು ಕೇಳಬೇಕು!

1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಎಂಟು ಹಸಿದ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಹಕ್ಕಿ ಏನೇ ಮಾಡಲಿ, ಬಿಡಲಿ, ನಿಗದಿತ ಅಂತರಕ್ಕೆ ಕಾಳು ಸಿಗುತ್ತಿತ್ತು. ಆದರೂ ಆರು ಹಕ್ಕಿಗಳು ತಮ್ಮದೇ ಒಂದೊಂದು ವ್ರತ ಹಿಡಿದವು. ಒಂದು ಗಿರಗಿರ ತಿರುಗಿತು, ಒಂದು ಗೂಡಿನ ಮೂಲೆಗೆ ತಲೆ ಚಾಚಿತು. ಕಾಳು ಬಂದ ಗಳಿಗೆಯಲ್ಲಿ ಏನು ಮಾಡುತ್ತಿತ್ತೋ ಅದೇ ಗಟ್ಟಿಯಾಯಿತು ಎಂದು ಸ್ಕಿನ್ನರ್ ವಾದ. ಇದಕ್ಕೆ ನಂತರದವರು ತಕರಾರು ತೆಗೆದಿದ್ದಾರೆ, ಹಕ್ಕಿಗಳು ಊಟಕ್ಕೆ ಕಾಯುವಾಗ ಸಹಜವಾಗಿ ಮಾಡುವ ಚಲನೆಗಳೇ ಅವು ಎಂದು. ಇರಲಿ. ಪಾರಿವಾಳದ ವಿಷಯ ಏನೇ ಆಗಲಿ, ಟೆಂಡೂಲ್ಕರ್ ಔಟಾಗಬಾರದು ಅಂತ ಕೂತ ಜಾಗ ಬಿಟ್ಟೇಳದವರು ನಮ್ಮಲ್ಲಿ ಎಷ್ಟು ಜನ! ಬೆಕ್ಕು ಅಡ್ಡ ಬಂತು ಅಂತ ಸ್ಕೂಟರ್ ನಿಲ್ಲಿಸುವವರಿಗೆ ವಿಜ್ಞಾನ ಹೇಳುವಾಗ ನಾನು ಈಗ ಕ್ಯಾಸೆಟ್ಟಿನಿಂದಲೇ ಶುರು ಮಾಡುತ್ತೇನೆ. ಊದಿದವರೆಲ್ಲ ನಗುತ್ತಾ ಒಪ್ಪಿಕೊಳ್ಳುತ್ತಾರೆ. ಬೆಕ್ಕಿನ ವಿಷಯಕ್ಕೆ ಬಂದಾಗ ಮುಖ ಗಂಟಿಕ್ಕುತ್ತಾರೆ, ಅದು ಬೇರೆ ಮಾತು.

ಕೈಯ ಕಥೆಯನ್ನೇ ಹೇಳಿ ಕಣ್ಣಿಗೆ ಅನ್ಯಾಯ ಮಾಡಬಾರದು. ಚಿಕ್ಕವರಿದ್ದಾಗ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿದು ಆಡುವ ಮಶೀನಿನಲ್ಲಿ, ವಿಚಿತ್ರ ಪ್ರಾಣಿಗಳಿರುವ ಪೋಕೆಮಾನ್ ಆಟ ಆಡಿ ಬೆಳೆದವರ ಮೆದುಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಸ್ಕ್ಯಾನ್ ಮಾಡಿ 2019ರಲ್ಲಿ ಪ್ರಕಟಿಸಿದರು. ಆ ಪ್ರಾಣಿಗಳ ಚಿತ್ರ ಕಂಡಾಗ ಅವರೆಲ್ಲರ ಮೆದುಳಿನಲ್ಲೂ ಹೆಚ್ಚುಕಡಿಮೆ ಒಂದೇ ಜಾಗ ಚುರುಕಾಯಿತು. ಆಡದವರಲ್ಲಿ ಹಾಗಾಗಲಿಲ್ಲ. ಪುಟ್ಟ ಪರದೆ, ಎಲ್ಲರೂ ಹಿಡಿಯುತ್ತಿದ್ದುದು ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ, ಹಾಗಾಗಿ ಚಿತ್ರ ಯಾವಾಗಲೂ ಕಣ್ಣಿನ ನಡುಭಾಗದಲ್ಲೇ ಬೀಳುತ್ತಿತ್ತು ಅನ್ನುವುದು ಅವರು ಕೊಡುವ ಕಾರಣ.

ಇಷ್ಟೆಲ್ಲ ನಿಜವಾಗಿದ್ದರೆ, ಈಗ ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ (ಹಳೇ ಮಶೀನಿನ ಹಾಗೆ ನಟಿಸುವ ಸಾಫ್ಟ್‌ವೇರ್) ಹಾಕಿಕೊಂಡು, ಟಿವಿಗೆ ಜೋಡಿಸಿ ಆಡಿದಾಗ ಮೊದಲ ಗೊಂಬೆಗೇ ಯಾಕೆ ಸಾಯುತ್ತೇವೆ? ವಯಸ್ಸಾಯಿತು ಅಂತ ಕೈಚೆಲ್ಲಬೇಡಿ. ಹಳೇ ಡಬ್ಬಾ ಟಿವಿಯಲ್ಲಿ ಸಂಕೇತ ಬಂದ ಗಳಿಗೆಗೇ ಚಿತ್ರ ಮೂಡುತ್ತಿತ್ತು. ಈಗಿನ ಟಿವಿ ಚಿತ್ರವನ್ನು ಮೊದಲು ತಿದ್ದಿತೀಡಿ ಆಮೇಲೆ ತೋರಿಸುತ್ತದೆ, ಅಷ್ಟರಲ್ಲಿ ಸೆಕೆಂಡಿನ ಹತ್ತೋ ಇಪ್ಪತ್ತೋ ಭಾಗದಲ್ಲೊಂದು ಕಳೆದಿರುತ್ತದೆ. ಬೆರಳಿಗೆ ಅಷ್ಟು ಸಾಕು ಎಡವಲು.

ಇನ್ನೊಂದು ಕಾರಣ ನಮ್ಮದೇ ಊರಿನದು. 1982ರಲ್ಲಿ ಬಣ್ಣದ ಪ್ರಸಾರ ಶುರುವಾದಾಗ ಭಾರತ ಆರಿಸಿಕೊಂಡಿದ್ದು ಪಾಲ್ ಪದ್ಧತಿ. ಪರದೆಯ ಮೇಲೆ ಸೆಕೆಂಡಿಗೆ 50 ಸಲ ಚಿತ್ರ ಬಿಡಿಸುವುದು ಅದರ ಲೆಕ್ಕ. ಜಪಾನಿನ ಟಿವಿಯದು 60. ಮಾರಿಯೋನ ಹೆಜ್ಜೆ, ಗೊಂಬೆಯ ತೆವಳು, ಹಾಡಿನ ತಾಳ, ಎಲ್ಲವೂ ಈ ಎಣಿಕೆಗೇ ಕಟ್ಟಿದಂಥವು. ಜಪಾನಿನ ಆಟವನ್ನು 50ರ ಲೆಕ್ಕದ ನಕಲು ಮಶೀನಿನಲ್ಲಿ ಹಾಕಿದರೆ ಎಲ್ಲವೂ ಆರನೇ ಒಂದು ಭಾಗ ನಿಧಾನ. ಅಂಥ ಮಶೀನಿನಲ್ಲಿ ಆಡಿ ಬೆಳೆದವರ ಹೆಬ್ಬೆರಳಿನಲ್ಲಿ ಇರುವುದು ಒಬ್ಬ ನಿಧಾನಿ ಮಾರಿಯೋ. ಇವತ್ತಿನ ಎಮ್ಯುಲೇಟರ್ ಸಾಮಾನ್ಯವಾಗಿ 60ರಲ್ಲಿ ಓಡಿಸುತ್ತದೆ. ಹಾಡು ಯಾಕೋ ಓಡೋಡಿ ಹೋಗುತ್ತಿದೆ ಅನ್ನಿಸಿದ್ದರೆ ನಿಮ್ಮ ಕಿವಿ ಸರಿಯಾಗಿಯೇ ಇದೆ. ಕೆಲವು ಎಮ್ಯುಲೇಟರುಗಳ ಸೆಟ್ಟಿಂಗಿನಲ್ಲಿ ಡೆಂಡಿ ಎಂಬ ಆಯ್ಕೆ ಇರುತ್ತದೆ. ಅದು 1992ರಿಂದ ರಷ್ಯಾದಲ್ಲಿ ಮಾರಾಟವಾದ ಇಂಥದ್ದೇ ಒಂದು ನಕಲು ಮಶೀನಿನ ಹೆಸರು. ಅದನ್ನು ಆರಿಸಿ, ಟಿವಿಯಲ್ಲಿ ಚಿತ್ರ ತಿದ್ದುವ ಕೆಲಸ ಕಡಿಮೆ ಮಾಡುವ ಗೇಮ್ ಮೋಡ್ ಹಾಕಿ, ಆಮೇಲೆ ಆ ಗೊಂಬೆಯ ಮೇಲೆ ಜಿಗಿದು ನೋಡಿ.