ಕಾಫಿ ತೋಟದ ಏಣಿ ಸಾವುಗಳು: ಬಂದದ್ದು ಎಲ್ಲಿಂದ?

ಫೆಬ್ರವರಿ ಬಂತೆಂದರೆ ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆ ಒಂದೇ ತರದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಕಾಳುಮೆಣಸು ಕೊಯ್ಯುವಾಗ ಏಣಿ ವಿದ್ಯುತ್ ತಂತಿಗೆ ತಗುಲಿ ಕಾರ್ಮಿಕ ಸಾವು. ಮಳೆಗೆ ಮುಂಚೆ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ, ಶುರುವಾದರೆ, ಮರದಿಂದ ಬಿದ್ದು ಸೊಂಟ ಮುರಿದವರ ಸುದ್ದಿ. ಹಣೆಬರಹ ಎಂದು ಬಿಟ್ಟುಬಿಡುವವರೇ ಹೆಚ್ಚು. ಈ ಅಪಾಯ ಬೆಳೆದುಬಂದ ದಾರಿ ನೋಡಿದರೆ ಹಣೆಬರಹದ ಪಾಲು ತೀರಾ ಕಡಿಮೆ.

ಕಾಫಿ ಹಣ್ಣನ್ನು ನೆಲದಲ್ಲಿ ನಿಂತೇ ಕೊಯ್ಯುತ್ತಾರೆ. ಎತ್ತರದ ಕೆಲಸವೆಲ್ಲ ಕಾಫಿಗೆ ನೆರಳು ಕೊಡುವ, ಮೆಣಸಿನ ಬಳ್ಳಿ ಹಬ್ಬಿದ ಮರದ್ದು. ಹಿಂದೆ ಅತ್ತಿ, ಬಸರಿ, ಹಲಸು ಇಂಥವೇ ನೆರಳು ಕೊಡುತ್ತಿದ್ದವು. ಅವಕ್ಕೆ ಕೊಂಬೆ ಜಾಸ್ತಿ, ಕಾಲಿಡಲು ಜಾಗ ಸಿಗುತ್ತಿತ್ತು. ಆಮೇಲೆ ಆಸ್ಟ್ರೇಲಿಯಾದ ಸಿಲ್ವರ್ ಓಕ್ ತೋಟಗಳನ್ನು ತುಂಬಿಕೊಂಡಿತು. ಬೇಗ ಬೆಳೆಯುತ್ತದೆ, ಕಡಿದು ಮಾರಿದರೆ ದುಡ್ಡು, ಮೆಣಸಿನ ಬಳ್ಳಿಗೂ ಒಳ್ಳೆ ಆಸರೆ. ನೆಟ್ಟಗೆ ಏರುವ ಈ ಮರದ ಮೇಲೆ ಬಳ್ಳಿ 30 ಅಡಿಯನ್ನೂ ದಾಟುತ್ತದೆ. 2015ರ ಹೊತ್ತಿಗೆ ಮೆಣಸಿನ ಬೆಲೆ ಕಿಲೋಗೆ 600 ರೂಪಾಯಿ ದಾಟಿದಾಗ ತುದಿಯ ಗೊಂಚಲನ್ನು ಯಾರು ತಾನೇ ಬಿಟ್ಟಾರು?

ಏಣಿಯೂ ಬದಲಾಯಿತು. ಬಿದಿರಿನದು ಭಾರ, ಮಳೆಗೆ ಹಾಳಾಗುತ್ತದೆ. ಅಲ್ಯೂಮಿನಿಯಂ ಹಗುರ. ಆದರೆ ತೋಟಗಳ ನಡುವೆಯೇ 11 ಕೆವಿ (11 ಸಾವಿರ ವೋಲ್ಟ್) ವಿದ್ಯುತ್ ಲೈನುಗಳು ಹಾದುಹೋಗಿವೆ, ಬಹಳಷ್ಟು ಕಡೆ ಹೊದಿಕೆಯಿಲ್ಲದ ಬರೀ ತಂತಿ. ಏಣಿಯನ್ನು ಇಳಿಸದೆ, ನಿಂತಂತೆಯೇ ಮುಂದಿನ ಮರಕ್ಕೆ ಸಾಗಿಸುವಾಗ ತುದಿ ಒಂಚೂರು ವಾಲಿದರೆ ಸಾಕು. ಕೆಳಗೆ ಏಣಿ ಹಿಡಿದವನೇ ಮೊದಲು ಹೋಗುತ್ತಾನೆ. ವಿದ್ಯುತ್ ಹರಿಯದ ಫೈಬರ್ ಏಣಿ ಸಿಗುತ್ತದೆ, ಬೆಲೆ ಜಾಸ್ತಿ. ಮೆಣಸಿಗೆ ಬೆಲೆ ಬಂದ ವರ್ಷವೂ ಅದು ದುಬಾರಿ ಎನ್ನುವುದು ನನಗಂತೂ ನೆಪವಾಗಿ ಕಾಣುತ್ತದೆ.

ಇನ್ನು ಹತ್ತುವ ಜನ. ಹಿಂದೆ ದಕ್ಷಿಣ ಕನ್ನಡದಿಂದ, ತಮಿಳು ಸೀಮೆಯಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳು ತರುತ್ತಿದ್ದರು. ಅವರು ತೋಟದ ಲೈನ್ ಮನೆಗಳಲ್ಲೇ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲೇ, ನೆಲೆಸಿದರು. ಅವರ ಮಕ್ಕಳು ಈಗ ಬೆಂಗಳೂರು ಸೇರಿದ್ದಾರೆ. ಅಸ್ಸಾಂ ಮುಂತಾದ ಕಡೆಯಿಂದ ಬಂದವರು ಗುತ್ತಿಗೆಯ ಮೇಲೆ ಏಣಿ ಹತ್ತುತ್ತಿದ್ದಾರೆ. ಕಿಲೋ ಲೆಕ್ಕದ ಕೂಲಿಯಾದರೆ ಅವಸರವೂ ಜೊತೆಗೆ ಹತ್ತುತ್ತದೆ.

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಮನೆ, ಆಸ್ಪತ್ರೆ, ಶಿಶುವಿಹಾರದ ಮಾತಾಡಿತು. ಅದೂ ಕನಿಷ್ಠ 25 ಎಕರೆ, 30 ಜನ ಇದ್ದ ತೋಟಕ್ಕೆ. 1981ರ ತಿದ್ದುಪಡಿ ಇದನ್ನು 5 ಹೆಕ್ಟೇರ್, 15 ಜನಕ್ಕೆ ಇಳಿಸಿತು. ಸುರಕ್ಷತೆಗೆಂದೇ ಒಂದು ಅಧ್ಯಾಯ ಸೇರಿದ್ದು 2010ರಲ್ಲಿ, ಅದೂ ಮುಖ್ಯವಾಗಿ ಕೀಟನಾಶಕ, ರಾಸಾಯನಿಕಗಳ ಬಗ್ಗೆ.

ಸತ್ತ ಮೇಲಿನ ಪರಿಹಾರಕ್ಕೆ ಮಾತ್ರ 1923ರಿಂದಲೇ ಕಾಯ್ದೆ ಇತ್ತು. ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. 40 ವರ್ಷಕ್ಕೆ ಆ ಅಂಕಿ 184.17. ಕೂಲಿ 12,000 ರೂಪಾಯಿ ಆಗಿದ್ದರೆ 11,05,020 ರೂಪಾಯಿ. ಎಷ್ಟೋ ಕಡೆ ಊರಿನ ಪಂಚಾಯ್ತಿ ಮಾತುಕತೆ ಇದರ ಹತ್ತಿರಕ್ಕೂ ಹೋಗುವುದಿಲ್ಲ. ‘ಕುಡಿದಿದ್ದ’ ಎಂಬ ಮಾತು ಬೇರೆ ಬರುತ್ತದೆ. ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯ ಆದಾಗ ಕಾನೂನಿನಲ್ಲಿ ಆ ನೆಪ ನಡೆಯುವುದಿಲ್ಲ.

2025ರ ನವೆಂಬರ್ 21ರಿಂದ ಈ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ‘ಅವನು ಗುತ್ತಿಗೆದಾರನ ಆಳು’ ಎಂದು ತೋಟದ ಮಾಲೀಕ ಕೈತೊಳೆದುಕೊಳ್ಳಲು ಅಲ್ಲೂ ದಾರಿಯಿಲ್ಲ. ಪರಿಹಾರ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು.