ತಾಯಿ ಕಾರ್ಡ್ ತನ್ನಿ, ಹಸಿದ ಮಗುವನ್ನು ಕರೆತನ್ನಿ

ಬೇಸಿಗೆಯ ಒಂದು ಮಧ್ಯಾಹ್ನ ಹದಿನಾಲ್ಕು ವಾರದ ಹೆಣ್ಣು ಮಗುವನ್ನು ಎತ್ತಿಕೊಂಡು ಅಮ್ಮ, ಅಜ್ಜಿ ಬಂದಿದ್ದರು. "ಮೈ ಕೈ ತುಂಬ್ಕೊಳ್ತಾನೇ ಇಲ್ಲ ಡಾಕ್ಟ್ರೇ. ಇವಳ ಹಾಲಲ್ಲಿ ಸತ್ವ ಇಲ್ವೇನೋ" ಎಂದರು ಅಜ್ಜಿ. ಅಮ್ಮ ತಲೆ ತಗ್ಗಿಸಿ ಕೂತಿದ್ದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಾಲಲ್ಲಿ ಸತ್ವ ಇಲ್ಲ ಅನ್ನುವುದು ತಪ್ಪು ತಿಳಿವಳಿಕೆ. ಮನೆಯ ಸಾಧಾರಣ ಊಟ ಮಾಡುವ ತಾಯಿಯ ಹಾಲೂ ಮಗುವಿಗೆ ಒಳ್ಳೆಯದೇ. ಆ ಹಾಲು ಮಗುವಿನ ಹೊಟ್ಟೆಗೆ ಎಷ್ಟು ಹೋಗುತ್ತಿದೆ ಎಂಬುದನ್ನು ನಾವು ಹುಡುಕಬೇಕು.

ನಾನು ಮೊದಲು ಕೇಳಿದ್ದು ತಾಯಿ ಕಾರ್ಡ್. ಹುಟ್ಟಿದಾಗ 2.8 ಕೆ.ಜಿ. ಆರನೇ ವಾರದ ಲಸಿಕೆ ದಿನ 3.9. ಹತ್ತನೇ ವಾರ 4.7. ಈಗ 5. ಇವತ್ತಿನ 5 ಕೆ.ಜಿ. ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ, ಸಣ್ಣ ಮೈಕಟ್ಟಿನ ಮಗು ಇರಬಹುದು. ನಾಲ್ಕನ್ನೂ ಸಾಲಾಗಿ ಇಟ್ಟರೆ ಕಥೆ ಗೊತ್ತಾಗುತ್ತದೆ. ಮೊದಲ ಮೂರು ತಿಂಗಳು ಮಗು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು. ಈ ಮಗು ಹತ್ತನೇ ವಾರದವರೆಗೆ ಚೆನ್ನಾಗಿಯೇ ಏರಿದೆ. ಆಮೇಲಿನ ನಾಲ್ಕು ವಾರದಲ್ಲಿ ದಿನಕ್ಕೆ ಬರೀ 11 ಗ್ರಾಂ. ಅಂದರೆ ಆ ನಾಲ್ಕು ವಾರದಲ್ಲಿ ಮನೆಯಲ್ಲಿ ಏನೋ ಬದಲಾಗಿದೆ.

ಕಾರ್ಡಿನಲ್ಲಿರುವ ಬೆಳವಣಿಗೆ ಗೆರೆಗಳನ್ನು ನೋಡಿ "ಇದೆಲ್ಲ ಫಾರಿನ್ ಮಕ್ಕಳ ಲೆಕ್ಕ ಅಲ್ವಾ?" ಎಂದು ಕೇಳುವವರಿದ್ದಾರೆ. ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಈ ಗೆರೆಗಳಿಗೆ ಆರು ದೇಶಗಳ ಮಕ್ಕಳನ್ನು ಅಳೆದಿದ್ದಾರೆ. ಅವರಲ್ಲಿ ನಮ್ಮ ದೆಹಲಿಯ ಮಕ್ಕಳೂ ಇದ್ದಾರೆ, ಎದೆಹಾಲು ಕುಡಿದು ಬೆಳೆದವರು. ನಿಮ್ಮ ಮಗು ಕೆಳಗಿನ ಗೆರೆಯ ಹತ್ತಿರ ಇದ್ದರೂ ಅದೇ ಗೆರೆ ಹಿಡಿದು ಏರುತ್ತಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಗೆರೆ ಬಿಟ್ಟು ಕೆಳಗೆ ಜಾರುತ್ತಿದ್ದರೆ ಬನ್ನಿ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರವಾದರೂ ಹುಟ್ಟಿದಾಗಿನ ತೂಕ ಮರಳದಿದ್ದರೆ ತಡ ಮಾಡಬೇಡಿ. ಅವಧಿಗೆ ಎರಡು ತಿಂಗಳು ಮುಂಚೆ ಹುಟ್ಟಿದ ಮಗುವಾದರೆ ನಾಲ್ಕನೇ ತಿಂಗಳಲ್ಲಿ ಅದನ್ನು ಎರಡು ತಿಂಗಳ ಮಗುವಿನ ಜೊತೆ ಹೋಲಿಸಬೇಕು.

ಮಗುವಿನ ಬಟ್ಟೆ ಬಿಚ್ಚಿಸಿ ಮತ್ತೆ ತೂಗಿದೆ. ಒದ್ದೆ ಡೈಪರ್ ಒಂದೇ ಲೆಕ್ಕ ಕೆಡಿಸಬಲ್ಲದು. ಆಮೇಲೆ ಅಲ್ಲೇ ಹಾಲು ಕುಡಿಸಲು ಹೇಳಿದೆ. ನನ್ನ ಅನುಭವದಲ್ಲಿ ಈ ಹದಿನೈದು ನಿಮಿಷ ಹೇಳುವಷ್ಟನ್ನು ಎಷ್ಟೋ ರಕ್ತಪರೀಕ್ಷೆಗಳು ಹೇಳುವುದಿಲ್ಲ. ಅದಕ್ಕೇ ಬರುವ ಮುಂಚೆ ಹೊಟ್ಟೆ ತುಂಬಿಸಿ ಮಲಗಿಸಿಕೊಂಡು ಬರಬೇಡಿ. ಮಗು ಬಾಯಿ ಅಗಲ ತೆರೆದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವನ್ನೂ ಬಾಯೊಳಗೆ ತೆಗೆದುಕೊಂಡಿದೆಯೇ, ಗದ್ದ ಎದೆಗೆ ತಾಗಿದೆಯೇ, ಗುಟುಕು ನುಂಗುವುದು ಕೇಳುತ್ತಿದೆಯೇ ಎಂದು ನೋಡುತ್ತೇವೆ. ಈ ಮಗು ಎಲ್ಲವನ್ನೂ ಸರಿಯಾಗೇ ಮಾಡಿತು. ಆದರೆ ಐದೇ ನಿಮಿಷಕ್ಕೆ ಬಿಟ್ಟುಬಿಟ್ಟಿತು. ಹಸಿವೇ ಇಲ್ಲದ ಹಾಗೆ.

"ಬೆಳಗ್ಗೆಯಿಂದ ಏನೇನು ಕೊಟ್ಟಿರಿ?" ಎಂದು ಕೇಳಿದೆ. ಅಜ್ಜಿ ಹೇಳಿದರು: "ಬಿಸಿಲು ಜಾಸ್ತಿ ಅಂತ ಒಳಲೇಲಿ ಕಾಯಿಸಿ ಆರಿಸಿದ ನೀರು ಹಾಕ್ತೀನಿ. ಐದಾರು ಸಲ. ಮಧ್ಯೆ ಗ್ರೈಪ್ ವಾಟರ್."

ಅಲ್ಲಿತ್ತು ಉತ್ತರ. ಅಜ್ಜಿ ಕೊಟ್ಟಿದ್ದು ಪ್ರೀತಿಯಿಂದಲೇ. ಅವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ, ಬೈಯಲೂಬಾರದು. ಮಗುವಿನ ಹೊಟ್ಟೆ ಪುಟ್ಟದು. ನೀರು ತುಂಬಿದರೆ ಹಾಲಿಗೆ ಜಾಗವಿಲ್ಲ. ಮಗು ಕಡಿಮೆ ಚೀಪಿದರೆ ಅಮ್ಮನ ಹಾಲೂ ಕಡಿಮೆಯಾಗುತ್ತದೆ. ಎದೆಹಾಲಿನಲ್ಲಿ ನೂರಕ್ಕೆ ಹೆಚ್ಚುಕಡಿಮೆ 87 ಭಾಗ ನೀರೇ ಇದೆ. ಆರು ತಿಂಗಳು ತುಂಬುವವರೆಗೆ ಎಂಥ ಬಿಸಿಲಿಗೂ ಅದು ಸಾಕು.

ಆರು ತಿಂಗಳ ನಂತರ ಬರುವ ಮಕ್ಕಳಲ್ಲೂ ಎಷ್ಟೋ ಸಲ ಇದೇ ಕಥೆ, ಅಲ್ಲಿ ನೀರು ರಾಗಿ ಸರಿಯಲ್ಲಿ ಸೇರಿರುತ್ತದೆ. ಚಮಚ ವಾಲಿಸಿದರೆ ರಾಗಿ ಸರಿ ಹರಿದು ಹೋಗಬಾರದು, ಅಂಟಿಕೊಂಡಿರಬೇಕು. ಮೇಲೆ ಒಂದಿಷ್ಟು ತುಪ್ಪ ಹಾಕಿ.

ಕಾಯಿಲೆಯಿಂದ ತೂಕ ನಿಲ್ಲುವುದೂ ಉಂಟು. ಹಾಲು ಕುಡಿಯುವಾಗ ಹಣೆ ಬೆವರಿ, ಏದುಸಿರು ಬಿಟ್ಟು, ಕುಡಿಯುವುದನ್ನು ನಿಲ್ಲಿಸುವ ಮಗುವಿನ ಹೃದಯ ಪರೀಕ್ಷೆ ಆಗಲೇಬೇಕು. ಮೂತ್ರದ ಸೋಂಕು, ಥೈರಾಯ್ಡ್ ಕೊರತೆ, ಹಸುವಿನ ಹಾಲಿನ ಅಲರ್ಜಿ ಇವೂ ಕಾರಣವಾಗಬಹುದು. ಹಸಿರು ವಾಂತಿ, ಮಲದಲ್ಲಿ ರಕ್ತ, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಏಳದಷ್ಟು ಸುಸ್ತು, ಮೂತ್ರ ತೀರಾ ಕಡಿಮೆಯಾಗುವುದು ಕಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಎರಡು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೂ ಅಷ್ಟೇ.

ಈ ಮಗುವಿನಲ್ಲಿ ಇದ್ಯಾವುದೂ ಇರಲಿಲ್ಲ. ಔಷಧಿ ಬರೆಯಲಿಲ್ಲ. ನೀರು, ಗ್ರೈಪ್ ವಾಟರ್ ನಿಲ್ಲಿಸಿ, ರಾತ್ರಿಯೂ ಸೇರಿ ದಿನಕ್ಕೆ ಎಂಟರಿಂದ ಹತ್ತು ಸಲ ಹಾಲು ಕುಡಿಸಿ ಎಂದೆ. ಮಗು ಎಷ್ಟು ಸಲ ಕುಡಿಯಿತು, ಎಷ್ಟು ಸಲ ಮೂತ್ರ ಮಾಡಿತು ಎಂದು ಒಂದು ಚೀಟಿಯಲ್ಲಿ ಗೆರೆ ಹಾಕುವ ಕೆಲಸವನ್ನು ಅಜ್ಜಿಗೇ ಒಪ್ಪಿಸಿದೆ. ಹತ್ತು ದಿನ ಬಿಟ್ಟು ಬಂದಾಗ ಅದೇ ತಕ್ಕಡಿಯಲ್ಲಿ 5.35 ಕೆ.ಜಿ. ಇತ್ತು. ಅಜ್ಜಿ ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟರು. ಅಮ್ಮ ಈ ಸಲ ತಲೆ ಎತ್ತಿ, ಮುಂದಿನ ತೂಕ ಅಂಗನವಾಡಿಯಲ್ಲೇ ಹಾಕಿಸಬಹುದಾ ಎಂದು ಕೇಳಿದರು.